ಕೂಸಿನ ಕಿವಿಯೂ ಮನೆಯ ನುಡಿಯೂ

(ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೃತ್ತಿಯಿಂದ ವಕೀಲನು. ಸಾಕ್ಷಿಯಿಲ್ಲದ ಮಾತನ್ನು ಒಪ್ಪುವ ಅಭ್ಯಾಸವು ನನಗಿಲ್ಲ. ಬುದ್ಧಿಯು ಹಣೆಯ ಬರಹ, ದಡ್ಡನು ದಡ್ಡನಾಗಿಯೇ ಹುಟ್ಟುವನು ಎಂದು ನಮ್ಮಲ್ಲಿ ಅನೇಕರು ಹೇಳುವದುಂಟು. ಆ ಮಾತಿಗೆ ವಿರುದ್ಧವಾಗಿ ಇಂದು ನಾನು ಕರೆತಂದಿರುವ ಸಾಕ್ಷಿಗಳು ಎರಡೇ ಅಕ್ಷರಗಳು: ತ ಮತ್ತು ಟ.

ಊತಕ್ಕೂ ಊಟಕ್ಕೂ ಇರುವ ಭೇದವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇಂಗ್ಲಿಷನ್ನೇ ಕೇಳಿ ಬೆಳೆದವನಿಗೆ ಇವೆರಡೂ ಹೆಚ್ಚುಕಡಿಮೆ ಒಂದೇ ಆಗಿ ಕೇಳಿಸುವವು. ಇದು ಆತನ ಹುಟ್ಟುಗಿವಿಯ ದೋಷವೇ? ಕೆನಡಾ ದೇಶದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಪರೀಕ್ಷೆಯು ಅಲ್ಲವೆನ್ನುತ್ತದೆ. ಅವರು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತಕಾರ ಟಕಾರಗಳನ್ನು ಕೇಳಿಸಿದರು. ಧ್ವನಿಯು ಬದಲಾದುದನ್ನು ಅರಿತು ಕೂಸು ತಲೆಯನ್ನು ತಿರುಗಿಸಿದರೆ ಅಲ್ಲಿ ಒಂದು ಆಟಿಕೆಯು ಬೆಳಗುವದು. 6ರಿಂದ 8 ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಭೇದವನ್ನು ಗುರುತಿಸಿದವು. 10ರಿಂದ 12 ತಿಂಗಳಿನವುಗಳಲ್ಲಿ ಗುರುತಿಸಿದವು ಕೆಲವೇ. ಹಿಂದೀ ಮನೆಗಳ ಕೂಸುಗಳು ಮಾತ್ರ ವರುಷ ತುಂಬುವಾಗಲೂ ಅದನ್ನು ಕಳೆದುಕೊಂಡಿರಲಿಲ್ಲ. ಮಿದುಳಿನಲ್ಲಿ ಬಳಕೆಯ ದಾರಿಯು ಗಟ್ಟಿಯಾಗುವದು. ಬಳಸದ ದಾರಿಯಲ್ಲಿ ಹುಲ್ಲು ಬೆಳೆಯುವದು. ಆ ದಾರಿಯು ಶಾಶ್ವತವಾಗಿ ಮುಚ್ಚಿತೆಂದಲ್ಲ, ದೊಡ್ಡವರೂ ಪರಿಶ್ರಮದಿಂದ ಕಲಿಯಬಲ್ಲರು. ಆದರೆ ಕೂಸಿಗೆ ಆಟವಾದದ್ದು ಅವರಿಗೆ ದುಡಿತವಾಗುವದು.

ಕಲಿಕೆಯು ತಲೆಯೊಂದರ ಕೆಲಸವೂ ಅಲ್ಲ. 2015ರಲ್ಲಿ ವರ್ಕರರೂ ಅವರ ಸಂಗಡಿಗರೂ 6 ತಿಂಗಳ ಕೂಸುಗಳ ಬಾಯಲ್ಲಿ, ನಾಲಗೆಯ ತುದಿಯು ಆಡದಂತೆ, ಹಲ್ಲು ಬರುವಾಗ ಕಚ್ಚುವ ಆಟಿಕೆಯನ್ನಿಟ್ಟು ಹಿಂದಿಯ ದಕಾರ ಡಕಾರಗಳನ್ನು ಕೇಳಿಸಿದರು. ಕೂಸುಗಳು ಭೇದವನ್ನು ಗುರುತಿಸಲಿಲ್ಲ! ನಾಲಗೆಗೆ ಅಡ್ಡಿಯಾಗದ ಬೇರೊಂದು ಆಟಿಕೆಯನ್ನಿಟ್ಟಾಗ ಗುರುತಿಸಿದವು. ಇನ್ನೂ ಒಂದು ಮಾತನಾಡದ ಕೂಸು ನಾಲಗೆಯ ನೆರವಿನಿಂದ ಕೇಳುತ್ತಿದೆ! ವಕೀಲನಾದ ನನಗೂ ಇದನ್ನು ನಂಬಲು ಎರಡು ಸಾರೆ ಓದಬೇಕಾಯಿತು.

ಇನ್ನು ಸಹವಾಸದ ಮಾತು. ಪೆಟ್ರೀಷಿಯಾ ಕೂಲ್ ಎಂಬವರು 2003ರಲ್ಲಿ ಪ್ರಕಟಿಸಿದಂತೆ, ಚೀನೀ ಮಾತಾಡುವವರು ಎದುರಿಗೆ ಕುಳಿತು 12 ಸಾರೆ ಆಡಿಸಿದ 9 ತಿಂಗಳ ಅಮೇರಿಕದ ಕೂಸುಗಳು ಆ ಭಾಷೆಯ ಧ್ವನಿಭೇದವನ್ನು ಕಲಿತವು. ಅದೇ ಮಾತುಗಳನ್ನು ಪರದೆಯ ಮೇಲೆ ನೋಡಿದ ಕೂಸುಗಳು ಏನೂ ಕಲಿಯಲಿಲ್ಲ. ಅಳುವ ಮಗುವಿನ ಕೈಗೆ ಮೊಬೈಲನ್ನು ಕೊಡುವ ತಂದೆತಾಯಿಗಳು ಇದನ್ನು ಕೇಳಬೇಕು.

ಈಗ ನಮ್ಮ ನಾಡಿಗೆ ಬರೋಣ. 1956ರ ಏಕೀಕರಣಕ್ಕೆ ಮೊದಲು, ನಿಜಾಮನ ಆಳಿಕೆಗೆ ಒಳಗಾದ ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳಲ್ಲಿ ಪ್ರೌಢಶಾಲೆಯ ಪಾಠವು ಉರ್ದುವಿನಲ್ಲಿ ನಡೆಯುತ್ತಿತ್ತು. ಕನ್ನಡ ಮನೆಯ ಹುಡುಗನು ಲೆಕ್ಕದಲ್ಲಿ ತಪ್ಪಿದರೆ, ಸೋತದ್ದು ಲೆಕ್ಕದಲ್ಲೋ ಭಾಷೆಯಲ್ಲೋ ಎಂದು ವಿಚಾರಿಸುವವರಾರು? ದಡ್ಡನೆಂಬ ತೀರ್ಪು ಅವನ ತಲೆಗೇ ಬೀಳುತ್ತಿತ್ತು. ಇದು ಅನ್ಯಾಯವೆಂದು ನಾವು ಕೂಗಿದೆವು, ಕೂಗಿದ್ದು ಸರಿಯೇ.

ಆದರೆ ಬಂಧುಗಳೇ, ಇಂದು ಲಂಬಾಣಿ ತಾಂಡೆಯಿಂದಲೋ ತುಳು, ಕೊಂಕಣಿ ಮನೆಯಿಂದಲೋ ಬಂದ ಮಗುವು ನಮ್ಮದೇ ಕನ್ನಡ ಶಾಲೆಯಲ್ಲಿ ಬಾಯಿ ಬಿಡದೆ ಕುಳಿತಾಗ ನಾವು ಬರೆಯುವ ತೀರ್ಪು ಯಾವುದು? ಹಾಜರಿ ಪುಸ್ತಕದಲ್ಲಿ ಆ ಮಗುವಿನ ಹೆಸರಿನ ಮುಂದೆ ಮನೆಮಾತು ಯಾವುದೆಂದು ಬರೆದುಕೊಂಡ ಶಿಕ್ಷಕರು ಈ ಸಭೆಯಲ್ಲಿ ಎಷ್ಟು ಜನರಿದ್ದೀರಿ? ಕೈಯೆತ್ತಿರೆಂದು ಕೇಳುವದಿಲ್ಲ, ನಾಳೆ ಶಾಲೆಗೆ ಹೋದೊಡನೆ ಆ ಪುಸ್ತಕವನ್ನು ತೆರೆಯಿರೆಂದು ಮಾತ್ರ ಬೇಡುತ್ತೇನೆ.