ಜೀಪಿನಿಂದ ಬಿಡದಿಯವರೆಗೆ
(ಸುವರ್ಣ ಮಹೋತ್ಸವದ ವೇದಿಕೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಕಾರಿನೊಳಗಿನ ಸಣ್ಣ ಕಂಪ್ಯೂಟರುಗಳಿಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಹಾಗಾಗಿ ಕಾರಿನ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ.

ನಾವು ಚಿಕ್ಕವರಿದ್ದಾಗ ಸಂತೆಯ ದಿನ ಹಸಿಮೆಣಸಿನಕಾಯಿ, ಶುಂಠಿ ಹೇರಿಕೊಂಡು ಬರುತ್ತಿದ್ದುದು ಜೀಪು. ಮೂಲ ಅಮೆರಿಕದ ವಿಲ್ಲಿಸ್ ಕಂಪನಿಯದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರಾದವರು ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸತೊಡಗಿದರು. ಜೋಡಿಸಲು ಕಲಿತವರು ಮುಂದೆ ಭಾಗಗಳನ್ನೂ ಇಲ್ಲೇ ಮಾಡಲು ಕಲಿತರು. ನಮ್ಮ ದೇಶದಲ್ಲಿ ಕಾರು ಬೆಳೆದದ್ದು ಹೀಗೆ, ನಿಧಾನವಾಗಿ.

ನಮ್ಮ ರಾಜ್ಯದಲ್ಲೂ ಪ್ರಯತ್ನ ನಡೆದಿತ್ತು. 1982ರಲ್ಲಿ ಬೆಂಗಳೂರಿನ ಸಿಪಾನಿಯವರು ಡಾಲ್ಫಿನ್ ಎಂಬ ಪುಟ್ಟ ಕಾರು ತಂದರು. ಮೈಯೆಲ್ಲ ಫೈಬರ್, ಬಾಗಿಲು ಎರಡೇ, ವಿನ್ಯಾಸ ಇಂಗ್ಲೆಂಡಿನ ರಿಲಯಂಟ್ ಕಂಪನಿಯದು. ಮರುವರ್ಷ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಡಾಲ್ಫಿನ್ ಅದರೆದುರು ನಿಲ್ಲಲಿಲ್ಲ. 2001ರಲ್ಲಿ ಚೇತನ್ ಮೈನಿಯವರ ರೇವಾ ಬಂತು. ಬೆಂಗಳೂರಿನಲ್ಲೇ ತಯಾರಾದ ಬ್ಯಾಟರಿ ಕಾರು, ಲಂಡನ್ನಿನ ಬೀದಿಯಲ್ಲೂ ಓಡಿತು. ಆಗ ನಕ್ಕವರೇ ಈಗ ಎಲೆಕ್ಟ್ರಿಕ್ ಕಾರು ಬುಕ್ ಮಾಡುತ್ತಿದ್ದಾರೆ!

ಇನ್ನು ಬಿಡದಿ. ಅಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 1999ರ ಕೊನೆಗೆ ಕ್ವಾಲಿಸ್ ಹೊರಬರತೊಡಗಿತು. ಪಕ್ಕದಲ್ಲೇ ಗೇರ್‌ಬಾಕ್ಸ್ ಕಾರ್ಖಾನೆಯೂ ಬಂತು, ಅಲ್ಲಿನ ಮಾಲು ಹೊರದೇಶಕ್ಕೂ ಹೋಯಿತು. 2007ರಲ್ಲಿ ಅವರು ಒಂದು ತರಬೇತಿ ಶಾಲೆ ತೆರೆದರು. ಹತ್ತನೇ ತರಗತಿ ಮುಗಿಸಿದ ಬಡ ಮನೆಯ ಮಕ್ಕಳಿಗೆ ಮೂರು ವರ್ಷ ಊಟ, ವಸತಿ ಕೊಟ್ಟು ವೆಲ್ಡಿಂಗ್, ಪೇಂಟಿಂಗ್, ಜೋಡಣೆ ಕಲಿಸುವ ಶಾಲೆ.

ನಾವು ಇಲ್ಲಿಂದ ಎಸ್ಸೆಸ್ಸೆಲ್ಸಿ ಪಾಸಾದದ್ದೂ ಅದೇ 2007ರಲ್ಲಿ. ನನ್ನ ಬೆಂಚಿನ ಗೆಳೆಯ ಜೀಪಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದ. ಲೆಕ್ಕದಲ್ಲಿ ನನಗಿಂತ ಮುಂದು. ಮನೆಯಲ್ಲಿ ಕಾಲೇಜಿಗೆ ಕಳಿಸುವ ಶಕ್ತಿ ಇರಲಿಲ್ಲ, ಗ್ಯಾರೇಜಿಗೆ ಸೇರಿದ. ಬಿಡದಿಯ ಶಾಲೆಯ ಸುದ್ದಿ ನಮಗ್ಯಾರಿಗೂ ಗೊತ್ತಿರಲಿಲ್ಲ. ನನಗೆ ತಿಳಿದದ್ದು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ. ಹೋದ ವರ್ಷ ಅವನಿಗೆ ಹೇಳಿದೆ. ಸ್ಪ್ಯಾನರ್ ಒರೆಸುತ್ತಾ, "ಆಗಲೇ ಹೇಳೋದಲ್ವೇನೋ ಮಾರಾಯ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಅವನೂ ಇವತ್ತು ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಹತ್ತನೇ ತರಗತಿಯ ಮಕ್ಕಳೇ, ಊಟ ಆದ ಮೇಲೆ ನಮ್ಮಿಬ್ಬರನ್ನೂ ಹುಡುಕಿಕೊಂಡು ಬನ್ನಿ. ಅರ್ಜಿ ಹಾಕುವುದು ಹೇಗೆಂದು ನಾನು ಫೋನಿನಲ್ಲಿ ತೋರಿಸುತ್ತೇನೆ, ಇಂಜಿನ್ ಬಗ್ಗೆ ಅವನನ್ನು ಕೇಳಿ.