ಗಿರಣಿಯ ನಿವೃತ್ತರು ಸಭೆಗೆ ಏಕೆ ಬರುತ್ತಿಲ್ಲ?

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಕೂಟದಲ್ಲಿ ಮಾಡಿದ ಭಾಷಣ)



ಮೂವತ್ತು ವರ್ಷ ಮಗ್ಗದ ಮುಂದೆ ನಿಂತವನು 58 ತುಂಬಿ ಗಿರಣಿಯ ಗೇಟು ದಾಟಿ ಹೊರಬಂದರೆ ನಿಲ್ಲುವುದು ಸಂಬಳವೊಂದೇ ಅಲ್ಲ. ಪಾಳಿ ಬಿಟ್ಟ ಮೇಲೆ ಚಹದ ಅಂಗಡಿಯಲ್ಲಿ ಆಗುತ್ತಿದ್ದ ಮಾತು, ಮದುವೆ ಮರಣಗಳ ಸುದ್ದಿ, ಚೀಟಿಯ ಲೆಕ್ಕ, ಸಂಘದ ಜಗಳ ಎಲ್ಲವೂ ಒಂದೇ ದಿನಕ್ಕೆ ನಿಂತುಹೋಗುತ್ತವೆ. ಅಂಗಡಿಯ ಯಜಮಾನರಿಗೆ ಈ ಪಾಡಿಲ್ಲ. ಎಪ್ಪತ್ತಾದರೂ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುತ್ತಾರೆ. ಊರೇ ಬಂದು ಮಾತಾಡಿಸಿ ಹೋಗುತ್ತದೆ.

ಹಾಗಾದರೆ ಮುಪ್ಪಿನಲ್ಲೂ ದುಡಿಯುತ್ತಿರುವುದೇ ಮೇಲು ಎನ್ನೋಣವೇ? ಹಾಗೆ ಹೇಳುವ ದೊಡ್ಡ ಮನುಷ್ಯರಿದ್ದಾರೆ. ಅವರು ರಾತ್ರಿ ಹತ್ತರ ಮೇಲೆ ಪೇಟೆಯಲ್ಲಿ ಒಂದು ಸುತ್ತು ಬರಲಿ. ಬ್ಯಾಂಕಿನ ಮುಂದೆ, ಕಟ್ಟುತ್ತಿರುವ ಮನೆಗಳ ಮುಂದೆ ಕೋಲು ಹಿಡಿದು ಕುಳಿತವರಲ್ಲಿ ನಮ್ಮ ನಿವೃತ್ತ ಕಾರ್ಮಿಕರ ಮುಖ ಕಾಣುತ್ತದೆ. ಹನ್ನೆರಡು ಗಂಟೆಯ ಕಾವಲು, ಜೊತೆಗೆ ನರಪಿಳ್ಳೆಯಿಲ್ಲ. ಹಗಲೆಲ್ಲ ನಿದ್ದೆ. ಮೊಮ್ಮಗಳ ನಾಮಕರಣಕ್ಕೇ ರಜೆ ಸಿಗದವರು ಸಭೆಗೆ ಎಲ್ಲಿಂದ ಬಂದಾರು? ಗಿರಣಿಯ ದುಡಿಮೆ ಅವರನ್ನು ಜನರ ನಡುವೆ ಇಟ್ಟಿತ್ತು. ಈ ದುಡಿಮೆ ಜನರಿಂದ ಎತ್ತಿ ಒಯ್ದಿದೆ.

ಇಷ್ಟಪಟ್ಟು ಅವರು ಆ ಕೋಲು ಹಿಡಿದಿಲ್ಲ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದು 2014ರ ಸೆಪ್ಟೆಂಬರಿನಲ್ಲಿ ನಿಗದಿಯಾಯಿತು. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 33 ರೂಪಾಯಿ. ಅದು ಔಷಧಿಗೋ, ಬಸ್ಸಿಗೋ, ಗೆಳೆಯರ ಚಹಕ್ಕೋ? ತನ್ನ ಸರದಿಯ ಚಹ ಕೊಡಿಸಲಾರದವನು ನಾಲ್ಕು ದಿನ ಕೂಟಕ್ಕೆ ಬರುತ್ತಾನೆ. ಐದನೆಯ ದಿನ ಬೇರೆ ಬೀದಿ ಹಿಡಿದು ಹೋಗುತ್ತಾನೆ.

ವರ್ತಕ ಮಿತ್ರರೂ ನಿಶ್ಚಿಂತರಾಗುವಂತಿಲ್ಲ. ನಿಮ್ಮ ಹೆಸರಿನಲ್ಲಿ 2019ರಲ್ಲಿ ಬಂದ ಯೋಜನೆ 60ರ ನಂತರ ತಿಂಗಳಿಗೆ 3,000 ರೂಪಾಯಿ ಕೊಡುವ ಮಾತಾಡಿತು. ಆದರೆ ಸೇರುವ ವಯಸ್ಸು 18ರಿಂದ 40. ಅಂದೇ ನಲವತ್ತು ದಾಟಿದ್ದವರಿಗೆ ಬಾಗಿಲೇ ಇರಲಿಲ್ಲ. ಮಂಡಿ ಸೋತು ಅಂಗಡಿಯ ಕದ ಹಾಕಿದ ದಿನ ಅವರ ಗತಿಯೂ ಗಿರಣಿಯವರದೇ. (ಮನೆಯ ತಾಯಂದಿರ ದುಡಿಮೆಗಂತೂ ಯಾವ ಕಾಯಿದೆಯೂ ನಿವೃತ್ತಿಯ ವಯಸ್ಸು ಬರೆದಿಲ್ಲ.)

ಪಿಂಚಣಿ ಹೆಚ್ಚಿಸುವ ಹೋರಾಟ ನಡೆಯಲೇಬೇಕು. ಅದರ ಜೊತೆಗೆ ನಮ್ಮ ಕೈಯಲ್ಲೇ ಇರುವ ಕೆಲಸವೊಂದಿದೆ. ಟ್ರೇಡ್ ಯೂನಿಯನ್ ಕಾಯಿದೆಗೆ 2001ರಲ್ಲಿ ಆದ ತಿದ್ದುಪಡಿಯು, ಸಂಘದ ಪದಾಧಿಕಾರಕ್ಕೆ ನಿವೃತ್ತ ಕಾರ್ಮಿಕನನ್ನು ಹೊರಗಿನವನೆಂದು ಎಣಿಸಬಾರದು ಎಂದಿತು. ಅಂಥವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುವ ಸಂಘ ಎಂಥ ಸಂಘ? ಪ್ರತಿ ಗಿರಣಿಯ ಸಮಿತಿಯಲ್ಲೂ ಇಬ್ಬರು ನಿವೃತ್ತರು ಇರಲಿ ಎಂದು ನಾವು ಸೂಚಿಸುತ್ತೇವೆ. ಸಭೆಯನ್ನು ರಾತ್ರಿಯ ಬದಲು ಭಾನುವಾರ ಸಂಜೆ ನಾಲ್ಕಕ್ಕೆ ಇಡೋಣ. ಕಾವಲಿಗೆ ಹೋಗುವವರು ದಾರಿಯಲ್ಲೇ ಬಂದು, ಮಾತಾಡಿ, ಹೊತ್ತಿಗೆ ಸರಿಯಾಗಿ ಎದ್ದು ಹೋಗಬಹುದು.