ಕಂದಕದಲ್ಲಿ ಒಂದು ಹಗಲು, ಒಂದು ರಾತ್ರಿ
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಯುದ್ಧವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕತ್ತಿ, ಕುದುರೆ, ಪದಕ. ಆದರೆ ಒಂದು ಕಾಲಾಳು ಪಟಾಲಮ್ಮಿನ ದಿನಚರಿಯನ್ನು ಬಿಡಿಸಿ ನೋಡಿದರೆ ಗುಂಡು ಹಾರಿಸುವ ಹೊತ್ತು ಕಡಿಮೆ. ಅಗೆಯುವ, ಹೊರುವ, ಕಾಯುವ ಹೊತ್ತೇ ಹೆಚ್ಚು. ಎಂದರೆ ದುಡಿಮೆಯೇ ಹೆಚ್ಚು. ದುಡಿಮೆಯ ಮಾತು ದುಡಿಯುವವರಿಗೆ ಬೇಗ ತಿಳಿಯುತ್ತದೆ. ಆದುದರಿಂದ 1914-15ರಲ್ಲಿ ಫ್ರಾನ್ಸಿನ ಕೆಸರಿನಲ್ಲಿ ಕುಳಿತಿದ್ದ ಭಾರತದ ಸಿಪಾಯಿಗಳ ಬಾಳನ್ನು ನಾವು ಇಂದು ನೋಡೋಣ.

1914ರ ಸೆಪ್ಟೆಂಬರ್ ಕೊನೆಯಲ್ಲಿ ಲಾಹೋರ್ ಡಿವಿಜನ್ನಿನ ಹಡಗುಗಳು ಮಾರ್ಸೇಲ್ಸ್ ಬಂದರಿಗೆ ಮುಟ್ಟಿದವು. ಹಿಂದೆಯೇ ಮೀರತ್ ಡಿವಿಜನ್ ಬಂದಿತು. ಮೈಮೇಲೆ ನಮ್ಮ ದೇಶದ ಬಿಸಿಲಿಗೆ ಹೊಲಿದ ತೆಳು ಹತ್ತಿಬಟ್ಟೆ. ಕೈಗೆ ಹೊಸ ಬಂದೂಕು ಸಿಕ್ಕಿದ್ದು ಅಲ್ಲಿಗೆ ಹೋದ ಮೇಲೆಯೇ. ಉಣ್ಣೆಯ ಬಟ್ಟೆ ಎಲ್ಲರಿಗೂ ಒದಗುವ ಮೊದಲೇ ಚಳಿ ಒದಗಿತು. ಸಾಮಾನ್ಯ ಸಿಪಾಯಿಯ ಮೂಲ ಸಂಬಳ ತಿಂಗಳಿಗೆ 11 ರೂಪಾಯಿ.

ಅಷ್ಟರಲ್ಲಿ ಎರಡೂ ಕಡೆಯ ಸೈನ್ಯಗಳು ಮುಂದೆ ಹೋಗಲಾರದೆ ನೆಲ ಅಗೆದು ಕುಳಿತಿದ್ದವು. ಸಮುದ್ರತೀರದಿಂದ ಸ್ವಿಟ್ಜರ್ಲೆಂಡಿನ ಗಡಿಯವರೆಗೆ ಕಂದಕಗಳ ಸಾಲು. ನಮ್ಮವರ ಪಾಲಿಗೆ ಬಂದದ್ದು ಜಿವಾಂಶಿ, ಫೆಸ್ಟುಬರ್ಟ್, ನವ್ ಶಾಪೆಲ್ ಎಂಬ ಊರುಗಳ ಸುತ್ತಿನ ತಗ್ಗು ನೆಲ. ಸ್ವಲ್ಪ ಅಗೆದರೆ ನೀರು. ಆದುದರಿಂದ ಮಣ್ಣು ತುಂಬಿದ ಚೀಲಗಳನ್ನು ಪೇರಿಸಿ ನೆಲದ ಮೇಲೆಯೇ ಗೋಡೆ ಎಬ್ಬಿಸಬೇಕಾಯಿತು. ಈ ಯುದ್ಧಕ್ಕೆ ಬೇಕಾದ ಸಣಬಿನ ಚೀಲಗಳನ್ನು ಬಂಗಾಳದ ಗಿರಣಿಗಳು ಕೋಟಿಗಟ್ಟಲೆ ನೇಯ್ದವು, ಅವುಗಳ ಮಾಲೀಕರು ಬೇಕಾದಷ್ಟು ಲಾಭ ಮಾಡಿಕೊಂಡರು. ನೋಡಿ, ಗಿರಣಿಯ ಬಂಧುಗಳೇ, ಕಂದಕದ ಗೋಡೆಯಲ್ಲಿಯೂ ಕಾರ್ಮಿಕನ ಬೆವರಿದೆ.

ಇನ್ನು ದಿನಚರಿ. ನಸುಕು ಹರಿಯುವ ಮೊದಲೇ ಎಲ್ಲರೂ ಎದ್ದು ಬಂದೂಕು ಹಿಡಿದು ಸಾಲಿನಲ್ಲಿ ನಿಲ್ಲಬೇಕು. ವೈರಿ ಮೇಲೆ ಬೀಳುವುದು ಹೆಚ್ಚಾಗಿ ಆ ಮಬ್ಬು ಹೊತ್ತಿನಲ್ಲಿಯೇ. ಬೆಳಕಾದ ಮೇಲೆ ಬಂದೂಕು ಒರೆಸುವುದು, ತಪಾಸಣೆ, ಚಹಾ, ತಿಂಡಿ. ಹಗಲು ಹೊತ್ತು ತಲೆ ಎತ್ತಿದರೆ ಹೊಂಚಿ ಕುಳಿತವನ ಗುಂಡಿಗೆ ಬಲಿ. ಕೆಲವರು ಕಾವಲು, ಉಳಿದವರು ಗೋಡೆ ಸರಿಪಡಿಸಿ, ನೀರು ತೋಡಿ ಹೊರಗೆ ಚೆಲ್ಲಿ, ಹೇನು ಹೆಕ್ಕಿ, ಕುಳಿತಲ್ಲೇ ಕಣ್ಣು ಮುಚ್ಚುತ್ತಿದ್ದರು. ಸಂಜೆ ಕತ್ತಲಾಗುವಾಗ ಮತ್ತೆ ಸಾಲು.

ನಿಜವಾದ ಕೆಲಸ ಶುರುವಾಗುವುದು ರಾತ್ರಿ. ಮುಳ್ಳುತಂತಿ ಕಟ್ಟುವುದು, ಹೊಸ ಕಂದಕ ತೋಡುವುದು, ಸತ್ತವರನ್ನು ಹೂಳುವುದು, ಹಿಂದಿನಿಂದ ಗುಂಡು, ನೀರು, ಊಟ ಹೊತ್ತು ತರುವುದು. ಜರ್ಮನರ ಬಳಿ ಕೈಬಾಂಬು ಬೇಕಾದಷ್ಟಿದ್ದವು. ನಮ್ಮವರು ಜಾಮಿನ ಖಾಲಿ ಡಬ್ಬಿಗೆ ಮದ್ದು, ಕಬ್ಬಿಣದ ಚೂರು ತುಂಬಿ, ಬತ್ತಿ ಹಚ್ಚಿ ಎಸೆಯುವುದನ್ನು ಕಲಿತರು. ಮುಳ್ಳುತಂತಿಯನ್ನು ಸೀಳಲು ಮದ್ದು ತುಂಬಿದ ಉದ್ದನೆಯ ಕೊಳವೆಯೊಂದು ಆ ಯುದ್ಧದಲ್ಲಿ ಬಳಕೆಗೆ ಬಂದಿತು. ಅದನ್ನು 1912ರಲ್ಲಿ ರೂಪಿಸಿದ್ದು ನಮ್ಮ ಬೆಂಗಳೂರಿನಲ್ಲಿದ್ದ ಮದ್ರಾಸ್ ಸ್ಯಾಪರ್ಸ್ ದಳದ ಒಬ್ಬ ಅಧಿಕಾರಿ. ಇಂದಿಗೂ ಲೋಕದ ಸೈನ್ಯಗಳು ಅದನ್ನು 'ಬೆಂಗಳೂರು ಟಾರ್ಪೆಡೊ' ಎಂದೇ ಕರೆಯುತ್ತವೆ.

ಹೋಟೆಲಿನ ಬಂಧುಗಳು ಕೇಳಬೇಕಾದ ಮಾತು ಇಲ್ಲಿದೆ. ಪಟಾಲಮ್ಮಿನ ಜೊತೆಯಲ್ಲಿ ಅಡಿಗೆಯವರು, ನೀರು ಹೊರುವ ಭಿಸ್ತಿಗಳು, ಝಾಡುಗಾರರು ಹೋಗಿದ್ದರು. ಅವರ ಸಂಬಳ ಸಿಪಾಯಿಯ ಸಂಬಳಕ್ಕಿಂತ ಕಡಿಮೆ. ಮುಂದಿನ ಸಾಲಿನಲ್ಲಿ ಹೊಗೆ ಎದ್ದರೆ ತೋಪಿನ ಗುಂಡು ಬೀಳುತ್ತದೆ. ಆದುದರಿಂದ ರೊಟ್ಟಿ ಬೇಯುವುದು ಹಿಂದೆ, ತಿನ್ನುವುದು ಮುಂದೆ. ಕತ್ತಲಲ್ಲಿ ಕೆಸರು ತುಳಿದು ಬಂದ ರೊಟ್ಟಿ ಕೈಗೆ ಸಿಗುವಾಗ ಆರಿ ತಣ್ಣಗಾಗಿರುತ್ತಿತ್ತು. ತಂದುಕೊಟ್ಟವನ ಹೆಸರನ್ನು ನೆನೆಯುವವರು ಕಡಿಮೆ. ಭಟ್ಟಿಯ ಮುಂದೆ ನಿಂತು ದುಡಿದ ನಮಗೆ ಇದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ವೈರಿಗಿಂತ ದೊಡ್ಡ ವೈರಿ ನೀರು. ಆ ಚಳಿಗಾಲದಲ್ಲಿ ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತು ನಿಂತು ಕಾಲು ಬಾತು, ಮರಗಟ್ಟಿ, ಕೆಲವರ ಬೆರಳು ಕೊಳೆತು ಕತ್ತರಿಸಬೇಕಾಯಿತು. ಕಾಲಿಗೆ ತಿಮಿಂಗಿಲದ ಎಣ್ಣೆ ತಿಕ್ಕಬೇಕು, ಒಣ ಕಾಲುಚೀಲ ಹಾಕಬೇಕು ಎಂಬ ಕಟ್ಟಳೆ ಬಂದದ್ದು ಇಷ್ಟು ನೋವುಂಡ ಮೇಲೆ. ಪಟಾಲಮ್ಮನ್ನು ಕೆಲವು ದಿನ ಮುಂದಿನ ಸಾಲಿನಲ್ಲಿ, ಕೆಲವು ದಿನ ಅದರ ಹಿಂದೆ, ಕೆಲವು ದಿನ ಹಳ್ಳಿಯ ಕೊಟ್ಟಿಗೆಗಳಲ್ಲಿ ಇಡುವ ಪಾಳಿಯೂ ಹೀಗೆಯೇ ನೆಲೆಗೊಂಡಿತು. ಮೊದಮೊದಲು ಆಳು ಸಾಲದೆ ಕೆಲವು ಪಟಾಲಮ್ಮುಗಳು ವಾರಗಟ್ಟಲೆ ಮುಂದೆಯೇ ನಿಂತವು. ಬಿಡುವಿಲ್ಲದವನಿಂದ ಕಾವಲೂ ಆಗದು, ಕೆಲಸವೂ ಆಗದು ಎಂದು ಸೈನ್ಯದ ದೊಡ್ಡವರು ಕಂಡುಕೊಂಡರು. ಬಿಡುವು ಕೊಟ್ಟದ್ದು ಕರುಣೆಯಿಂದಲ್ಲ, ಲೆಕ್ಕಾಚಾರದಿಂದ. ಆ ಬಿಡುವಿನಲ್ಲಿಯೂ ಗುದ್ದಲಿ ಕೈಬಿಡಲಿಲ್ಲ ಎನ್ನುವುದು ಬೇರೆ ಮಾತು.

ಶೌರ್ಯ ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. 1914ರ ಅಕ್ಟೋಬರ್ 31ರಂದು ಬೆಲ್ಜಿಯಮ್ಮಿನ ಹೊಲೆಬೆಕೆಯಲ್ಲಿ ಜೊತೆಯವರೆಲ್ಲ ಸತ್ತ ಮೇಲೂ ಗಾಯಗೊಂಡ ಸಿಪಾಯಿ ಖುದಾದಾದ್ ಖಾನ್ ಮಶೀನ್‌ಗನ್ ಬಿಡಲಿಲ್ಲ. ನವೆಂಬರ್ 23ರ ರಾತ್ರಿ ಫೆಸ್ಟುಬರ್ಟಿನಲ್ಲಿ ಗಢವಾಲಿನ ನಾಯಕ್ ದರ್ವಾನ್ ಸಿಂಗ್ ನೇಗಿ ತಲೆಗೂ ತೋಳಿಗೂ ಏಟು ತಿಂದು, ಕಂದಕದ ತಿರುವು ತಿರುವಿಗೂ ಮುಂದೆ ನುಗ್ಗಿದರು. ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ದೊರೆಯಿತು. 1915ರ ಮಾರ್ಚ್ 10ರಂದು ನವ್ ಶಾಪೆಲ್ ಕದನದಲ್ಲಿ ಮಡಿದ ಗಬ್ಬರ್ ಸಿಂಗ್ ನೇಗಿಯವರಿಗೂ ಅದೇ ಪದಕ ಸಂದಿತು. ಆ ಕದನದ ಮೂರು ನಾಲ್ಕು ದಿನಗಳಲ್ಲಿ ಭಾರತದ ದಳದಲ್ಲಿ ಸತ್ತವರು, ಗಾಯಗೊಂಡವರು ಸೇರಿ 4,000ಕ್ಕೂ ಹೆಚ್ಚು. ಹಿಡಿದ ನೆಲವೋ ಒಂದು ಹಳ್ಳಿ, ಒಂದಿಷ್ಟು ಹೊಲ.

ಗಾಯ ಮಾಗಿದವರನ್ನು ಊರಿಗೆ ಕಳುಹಿಸಲಿಲ್ಲ, ಮತ್ತೆ ಕಂದಕಕ್ಕೇ ಕಳುಹಿಸಿದರು. ಇದೇ ಸಿಪಾಯಿಗಳ ದೊಡ್ಡ ಕೊರಗು. ಕಾಗದ ಬರೆಯೋಣವೆಂದರೆ ಒಡೆದು ಓದುವ ಅಧಿಕಾರಿಗಳು. ಆದುದರಿಂದ ಅವರು ಭಾರತೀಯರನ್ನು ಕರಿಮೆಣಸು, ಬಿಳಿಯರನ್ನು ಕೆಂಪು ಮೆಣಸು ಎಂದು ಗುಟ್ಟಾಗಿ ಬರೆದು, ಕರಿಮೆಣಸು ಹೇಗೆ ಮುಗಿಯುತ್ತಿದೆ ಎಂಬುದನ್ನು ಮನೆಯವರಿಗೆ ತಿಳಿಸಿದರು. ಅಕ್ಷರ ಬಾರದವರು ಬಲ್ಲವರಿಂದ ಬರೆಸಿದರು. ಬಾಯಿ ಕಟ್ಟಿದರೂ ಮಾತು ದಾರಿ ಹುಡುಕಿಕೊಳ್ಳುತ್ತದೆ, ಬಂಧುಗಳೇ!

1915ರ ಕೊನೆಗೆ ಭಾರತದ ಕಾಲಾಳು ಪಡೆಯನ್ನು ಫ್ರಾನ್ಸಿನಿಂದ ತೆಗೆದು ಹೆಚ್ಚು ಭಾಗವನ್ನು ಮೆಸೊಪೊಟೇಮಿಯಕ್ಕೆ ಸಾಗಿಸಿದರು. ನವ್ ಶಾಪೆಲ್‌ನಲ್ಲಿ 1927ರಲ್ಲಿ ತೆರೆದ ಸ್ಮಾರಕದಲ್ಲಿ, ಗೋರಿಯೂ ಸಿಕ್ಕದ 4,700ಕ್ಕೂ ಹೆಚ್ಚು ಜನರ ಹೆಸರುಗಳಿವೆ. ಯುದ್ಧ ಮುಗಿದು ಸಿಪಾಯಿ ಊರಿಗೆ ಬಂದಾಗ ಸಿಕ್ಕಿದ್ದೇನು? 1919ರಲ್ಲಿ ರೌಲತ್ ಕಾಯಿದೆ, ಜಲಿಯನ್‌ವಾಲಾ ಬಾಗ್. ಯುದ್ಧದ ಬಟ್ಟೆ ನೇಯ್ದ ಮುಂಬಯಿ ಗಿರಣಿಯವನಿಗೆ ಸಿಕ್ಕಿದ್ದು ಏರಿದ ಬೆಲೆ, ಅದಕ್ಕೆ ತಕ್ಕಷ್ಟು ಏರದ ಕೂಲಿ. ಅದೇ ವರ್ಷದ ಜನವರಿಯಲ್ಲಿ ಲಕ್ಷಕ್ಕೂ ಹೆಚ್ಚು ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. 1920ರ ಅಕ್ಟೋಬರ್ 31ರಂದು ಮುಂಬಯಿಯಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಹುಟ್ಟಿತು.

ದೊರೆಗಳು ಗೆದ್ದ ನೆಲದ ಲೆಕ್ಕ ಇಡುತ್ತಾರೆ. ಆ ನೆಲವನ್ನು ಅಗೆದವರ, ಕಾದವರ, ಅವರಿಗೆ ರೊಟ್ಟಿ ಹೊತ್ತವರ ಲೆಕ್ಕವನ್ನು ನಾವು ಇಡದಿದ್ದರೆ ಮತ್ತಾರೂ ಇಡುವುದಿಲ್ಲ.